ಹಕ್ಕಿಜ್ವರವು ಬರುವದಕ್ಕೆ ಮುಂಚೆ ಸಿದ್ಧಮಾಡತಕ್ಕ ಮಾತು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ರೋಗವು ಬರಬಹುದೆಂದು ಔಷಧವನ್ನು ಕೂಡಿಡುವವರು ಉಂಟು. ಆದರೆ ಆ ದಿವಸ ಜನರಿಗೆ ಏನು ಹೇಳಬೇಕು, ಯಾರ ಬಾಯಿಂದ ಹೇಳಿಸಬೇಕು ಎಂಬದನ್ನು ಮುಂಚಿತವಾಗಿ ಗೊತ್ತುಮಾಡುವವರು ವಿರಳ. ಹಕ್ಕಿಜ್ವರದ ವಿಷಯದಲ್ಲಿ ಈ ಕೊರತೆಯಿಂದ ಎಂಥಾ ನಷ್ಟವಾಯಿತೆಂದು ನೋಡೋಣ.

ಈ ರೋಗವು ಮೂಲತಃ ಹಕ್ಕಿಗಳದು. ಅದು ಮನುಷ್ಯರಿಗೂ ತಗಲಿ ಕೊಲ್ಲಬಲ್ಲದೆಂದು 1997ರಲ್ಲಿ ಹಾಂಗ್‌ಕಾಂಗ್ ಪಟ್ಟಣದಲ್ಲಿ ತಿಳಿದುಬಂತು. ಅಲ್ಲಿ 18 ಮಂದಿಗೆ ತಗಲಿ, 6 ಮಂದಿ ಸತ್ತರು. ರೋಗದ ಕೋಳಿಯನ್ನು ಹಿಡಿಯುವದು, ಕೊಯ್ಯುವದು, ಪುಕ್ಕ ಕೀಳುವದು, ಇವುಗಳಿಂದಲೇ ಹೆಚ್ಚಾಗಿ ಅಪಾಯ. ಚೆನ್ನಾಗಿ ಬೆಂದ ಮಾಂಸದಿಂದ ಬರುವದಿಲ್ಲ.

ಥಾಯ್ಲೆಂಡ್ ದೇಶದಲ್ಲಿ 2003ರ ಅಂತ್ಯದಲ್ಲಿ ಕೋಳಿಗಳು ಹಿಂಡುಹಿಂಡಾಗಿ ಸಾಯಲಾರಂಭಿಸಿದವು. ಇದು ಕೋಳಿಗಳ ಕಾಲರಾ, ಹೆದರಬೇಡಿರಿ ಎಂದು ಅಧಿಕಾರಿಗಳು ಹೇಳುತ್ತಾ ಬಂದರು. ಆ ದೇಶದಿಂದ ಹೊರನಾಡುಗಳಿಗೆ ಬಹಳ ಕೋಳಿಮಾಂಸವು ಹೋಗುತ್ತಿತ್ತು. ವ್ಯಾಪಾರವು ಕೆಟ್ಟೀತೆಂಬ ಭಯವಿತ್ತು. ಕಡೆಗೆ 2004ನೇ ಜನವರಿ 23ರಂದು ಇದು ಹಕ್ಕಿಜ್ವರವೇ ಎಂದು ಒಪ್ಪಿಕೊಳ್ಳಬೇಕಾಯಿತು. ಅಷ್ಟರಲ್ಲಿ ಮಕ್ಕಳಿಗೂ ತಗಲಿತ್ತು. ಆ ಒಂದು ವರುಷದಲ್ಲಿ 17 ಮಂದಿ ಅಸ್ವಸ್ಥರಾಗಿ 12 ಮಂದಿ ತೀರಿಹೋದರು. ವ್ಯಾಪಾರವೂ ಉಳಿಯಲಿಲ್ಲ, ಮಾತಿನ ಮೇಲಣ ನಂಬಿಕೆಯೂ ಉಳಿಯಲಿಲ್ಲ. ಆ ಮೇಲೆ ಅವರು ಮಾಡಿದ್ದು ಮೆಚ್ಚತಕ್ಕದ್ದು: ಪ್ರತಿ ಹಳ್ಳಿಯಲ್ಲಿದ್ದ ಆರೋಗ್ಯ ಸ್ವಯಂಸೇವಕರನ್ನು ಮನೆಮನೆಗೆ ಕಳುಹಿಸಿ, ಕೋಳಿ ಸತ್ತಿದೆಯೋ, ಯಾರಿಗಾದರೂ ಜ್ವರವಿದೆಯೋ ಎಂದು ವಿಚಾರಿಸಿದರು. ದೂರದ ಅಧಿಕಾರಿಯು ಕೇಳಿದರೆ ಮುಚ್ಚಿಡುವವರು ನೆರೆಯವಳು ಕೇಳಿದರೆ ಹೇಳುವರು.

ನಮ್ಮ ದೇಶಕ್ಕೆ ಬರೋಣ. ಇಲ್ಲಿ ಈ ರೋಗವು ಮೊದಲು 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಕಾಣಿಸಿತು. 2008ರಲ್ಲಿ ಪಶ್ಚಿಮ ಬಂಗಾಳದಲ್ಲಿ ಹಬ್ಬಿದಾಗ ಸುಮಾರು 40 ಲಕ್ಷ ಹಕ್ಕಿಗಳನ್ನು ಕೊಲ್ಲಬೇಕಾಯಿತು. ಅಲ್ಲಿ ಅನೇಕರು ಕೋಳಿಗಳನ್ನು ಒಪ್ಪಿಸದೆ ಅಡಗಿಸಿಟ್ಟರು. ಅವರನ್ನು ಮೂಢರೆಂದು ಜರೆಯುವದು ಸುಲಭ. ನನಗಂತೂ ಹಾಗೆ ತೋಚುವದಿಲ್ಲ. ಬಡವಳ ಮನೆಯಲ್ಲಿ ನಾಲ್ಕು ಕೋಳಿಗಳೆಂದರೆ ಅವಳ ಹಣದ ಗಡಿಗೆ. ಅದಕ್ಕೆ ಬದಲಾಗಿ ಎಷ್ಟು ದುಡ್ಡು, ಯಾವಾಗ ಕೈಗೆ ಬರುವದೆಂದು ಸ್ಪಷ್ಟವಾಗಿ ಹೇಳದೆ ಗಡಿಗೆಯನ್ನು ಒಡೆಯ ಹೋದರೆ ಯಾವಳು ಬಾಗಲು ತೆರೆದಾಳು?

ಆದದರಿಂದ ಪರಿಹಾರದ ಮಾತು ಮೊದಲು ಬರಬೇಕು. ಅಧಿಕಾರಿಗಳು ಕೊಲ್ಲಿಸಿದ ಹಕ್ಕಿಗಳಿಗೆ ಸರಕಾರವು ಹಣ ಕೊಡುವದು. ಅದಕ್ಕೆ ಮುಂಚೆ ತಾವೇ ಸತ್ತವುಗಳಿಗೆ ಕೊಡುವದಿಲ್ಲ. ಬೇಗನೆ ತಿಳಿಸಿದವರಿಗೇ ಲಾಭ. ಈ ಒಂದು ಮಾತು ನೂರು ಗದರಿಕೆಗಳಿಗಿಂತ ಹೆಚ್ಚು ಕೆಲಸ ಮಾಡೀತು.

ಎರಡನೆಯದು, ತಿಳಿಯದ್ದನ್ನು ತಿಳಿದಂತೆ ಹೇಳಬಾರದು. "ಕೋಳಿಗಳು ಸಾಯುತ್ತಿವೆ, ಕಾರಣವು ಇನ್ನೂ ಗೊತ್ತಾಗಿಲ್ಲ, ಪರೀಕ್ಷೆಗೆ ಕಳುಹಿಸಿದ್ದೇವೆ, ಅಷ್ಟರ ವರೆಗೆ ಮುಟ್ಟಬೇಡಿರಿ" ಎಂದು ಮೊದಲನೆಯ ದಿನವೇ ಸಾರಬಹುದು. ಹೇಳದೆ ಸುಮ್ಮನಿದ್ದರೆ ಸಂತೆಯಲ್ಲಿ ಸುಳ್ಳು ಹುಟ್ಟುವದು. ಈಗ ಅದು ಕೈಯಲ್ಲಿರುವ ಫೋನಿನಲ್ಲಿ ಒಂದು ಗಳಿಗೆಯಲ್ಲಿ ಹತ್ತು ಊರಿಗೆ ಹೋಗುವದು.

ಮೂರನೆಯದು, ಗುರುತು. ನಮ್ಮಲ್ಲಿ ಕೊಕ್ಕರೆ ರೋಗದಿಂದಲೂ ಕೋಳಿಗಳು ಸಾಯುವದುಂಟು. ಆದಕಾರಣ ಕೆಲವು ಸತ್ತರೆ ಯಾರೂ ಬೆರಗಾಗುವದಿಲ್ಲ. ಹಲವು ಕೋಳಿಗಳು ಒಮ್ಮೆಲೇ ಸತ್ತರೆ, ತಲೆ ಬಾತುಕೊಂಡು ಜುಟ್ಟು ನೀಲಿಗಟ್ಟಿದರೆ, ಯಾವ ರೋಗವೆಂದು ತರ್ಕಿಸುತ್ತಾ ಕೂಡ್ರದೆ ಪಶುವೈದ್ಯರಿಗೆ, ಇಲ್ಲವೆ 1962 ಎಂಬ ಸಂಖ್ಯೆಗೆ, ತಿಳಿಸತಕ್ಕದ್ದು. ಸತ್ತದ್ದನ್ನು ಕೆರೆಗೆ ಎಸೆಯಬಾರದು, ಕೊಯ್ದು ತಿನ್ನಬಾರದು, ಕಡಿಮೆ ಬೆಲೆಗೆ ಮಾರಲೂ ಬಾರದು.

ಇದನ್ನೆಲ್ಲಾ ಹೇಳುವವರು ಯಾರು? ಆಶಾ ಕಾರ್ಯಕರ್ತೆ, ಪಶುವೈದ್ಯರು, ಶಾಲೆಯ ಗುರುಗಳು, ಪಂಚಾಯತಿಯವರು ಈಗಲೇ ಒಂದು ದಿನ ಕೂಡಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಗಳೆಯದಂತೆ ಮಾತನ್ನು ಗೊತ್ತುಮಾಡಲಿ. ಸಭೆಗೆ ಬರುವವರು ಬಹುಮಟ್ಟಿಗೆ ಗಂಡಸರು. ಕೋಳಿಗೂಡನ್ನು ಗುಡಿಸುವವರು ಹೆಂಗಸರು ಮತ್ತು ಮಕ್ಕಳು. ಆದಕಾರಣ ಆ ಮಾತನ್ನು ಪಂಚಾಯತಿಯ ಕಟ್ಟೆಯಲ್ಲಿ ಓದಿ ಮುಗಿಸದೆ, ನಲ್ಲಿಯ ಬಳಿಯಲ್ಲಿಯೂ ಸಂಜೆ ಕೋಳಿಗಳನ್ನು ಮುಚ್ಚುವ ಹೊತ್ತಿನಲ್ಲಿ ಅಂಗಳದಲ್ಲಿಯೂ ಹೇಳಬೇಕು.