ಹಳ್ಳಿದಾರಿಯಲ್ಲಿ ಸೈಕಲ್ ಸಂಘದ ಪ್ರವಾಸ

ಇಂಗ್ಲೆಂಡಿನ ಹ್ಯಾರೊಗೇಟ್ ಪಟ್ಟಣದಲ್ಲಿ 1878ರಲ್ಲಿಯೇ ಸೈಕಲ್ ಪ್ರವಾಸಿಗರ ಸಂಘವೊಂದು ಸ್ಥಾಪಿತವಾಯಿತು. ಅಲ್ಲಿ ಸಂಘಗಳ ಒಂದು ದಿನದ ಪ್ರವಾಸಕ್ಕೆ ವಾಹನಸಂಚಾರ ವಿರಳವಾದ ಹಳ್ಳಿದಾರಿಗಳನ್ನು ಆರಿಸಿಕೊಳ್ಳುವುದು ರೂಢಿ. ಆದರೆ ದಾರಿ ಪ್ರಶಾಂತವಾಗಿದೆಯೆಂದು ಮೈಮರೆಯಲಾಗದು. ಎತ್ತರದ ಬೇಲಿಗಳ ನಡುವಿನ ತಿರುವುಗಳಲ್ಲಿ ಎದುರಿನ ವಾಹನ ಕಾಣಿಸುವುದಿಲ್ಲ.

ಆದುದರಿಂದ ದಾರಿ ಬಲ್ಲವರೊಬ್ಬರು ಮುಂದೆಯೂ ಅನುಭವಿಯೊಬ್ಬರು ಕಟ್ಟಕಡೆಯಲ್ಲಿಯೂ ಸಾಗುತ್ತಾರೆ. ಇಕ್ಕಟ್ಟಾದ ತಿರುವಿನಲ್ಲಿ ಒಬ್ಬರ ಹಿಂದೊಬ್ಬರು ಚಲಿಸಬೇಕು. ರಸ್ತೆಯ ಗುಂಡಿ, ಜಲ್ಲಿಗಳನ್ನು ಕಂಡವರು ಹಿಂದಿನವರಿಗೆ ಕೂಗಿ ತಿಳಿಸಬೇಕು. ದಾರಿ ಕವಲೊಡೆಯುವಲ್ಲಿ ಎಲ್ಲರೂ ಬಂದು ಸೇರುವವರೆಗೆ ನಿಲ್ಲಬೇಕು.

ಸೈಕಲ್ಲನ್ನು ಹಿಂದಿಕ್ಕುವ ವಾಹನವು ಕನಿಷ್ಠ 1.5 ಮೀಟರ್ ಅಂತರ ಬಿಡಬೇಕೆಂದು 2022ರಲ್ಲಿ ಪರಿಷ್ಕೃತವಾದ ಬ್ರಿಟನ್ನಿನ ರಸ್ತೆ ಸಂಹಿತೆಯು ಸೂಚಿಸುತ್ತದೆ.

ನಮ್ಮ ನಗರಗಳ ಸೈಕಲ್ ಸಂಘಗಳಿಗೂ ಈ ಪದ್ಧತಿ ಅನುಸರಣೀಯವಾಗಿದೆ. ಹಳ್ಳಿದಾರಿಯಲ್ಲಿ ಹಿಂದುಳಿದು ಬಿದ್ದವರಿಗೆ ಬೇರೆ ನೆರವು ಬೇಗನೆ ದೊರೆಯುವುದಿಲ್ಲ.