ಮೈಯೊಳಗಿನ ಜರಡಿ



ರಾಗಿ ಹಿಟ್ಟನ್ನು ನಾವು ಜರಡಿ ಹಿಡಿಯುತ್ತೇವೆ. ಹಿಟ್ಟು ಕೆಳಗೆ ಬೀಳುತ್ತದೆ. ಹೊಟ್ಟು ಮೇಲೆ ಉಳಿಯುತ್ತದೆ. ನಮ್ಮ ಮೈಯೊಳಗೂ ಜರಡಿ ಇದೆ. ಅದೇ ಮೂತ್ರಪಿಂಡ. ಕಿಡ್ನಿ ಅಂತಲೂ ಅನ್ನುತ್ತೇವೆ. ಬೆನ್ನಿನ ಕಡೆ, ಸೊಂಟಕ್ಕಿಂತ ಸ್ವಲ್ಪ ಮೇಲೆ, ಎಡಕ್ಕೊಂದು ಬಲಕ್ಕೊಂದು ಇವೆ. ಒಂದೊಂದರಲ್ಲೂ ಸುಮಾರು 10 ಲಕ್ಷ ಸಣ್ಣ ಸಣ್ಣ ಜರಡಿಗಳು. ರಕ್ತವನ್ನು ಅವು ಸೋಸುತ್ತವೆ. ಕೊಳೆ ಮೂತ್ರದಲ್ಲಿ ಹೋಗುತ್ತದೆ. ಮೈಗೆ ಬೇಕಾದ ಸತ್ವ ರಕ್ತದಲ್ಲೇ ಉಳಿಯುತ್ತದೆ.

ಈ ಜರಡಿಗಳು ತಾಯಿಯ ಹೊಟ್ಟೆಯಲ್ಲೇ ಆಗುತ್ತವೆ. ದಿನ ತುಂಬಿ ಹುಟ್ಟಿದ ಮೇಲೆ ಹೊಸದು ಒಂದೂ ಬರುವುದಿಲ್ಲ. ವಯಸ್ಸಾದಂತೆ ಕೆಲವು ಸವೆಯುತ್ತವೆ. ಅದು ಎಲ್ಲರಿಗೂ ಆಗುವುದೇ. ಸಕ್ಕರೆ ಕಾಯಿಲೆ ಇದ್ದು ಹದ್ದುಬಸ್ತಿನಲ್ಲಿ ಇಲ್ಲದಿದ್ದರೆ ಬೇಗ ಕೆಡುತ್ತವೆ. ಜೊತೆಗೆ ಬಿ.ಪಿ. ಇದ್ದರೆ ಇನ್ನೂ ಬೇಗ.

"ನಂಗೆ ನೋವೇ ಇಲ್ವಲ್ಲ ಕಣಕ್ಕ, ಆಸ್ಪತ್ರೆ ಯಾಕೆ?" ಅನ್ನುತ್ತೇವೆ. ಕಷ್ಟ ಇರುವುದೇ ಇಲ್ಲಿ. ಸಕ್ಕರೆಯಿಂದ ಕಿಡ್ನಿ ಕೆಡುವಾಗ ನೋಯುವುದಿಲ್ಲ. ಕಾಲು ಮುಖ ಊದಿ, ಊಟ ಸೇರದೆ, ಏದುಸಿರು ಬರುವ ಹೊತ್ತಿಗೆ ಬಹಳ ಜರಡಿ ಹೋಗಿರುತ್ತವೆ. ಪೂರ್ತಿ ಕೆಟ್ಟರೆ ಡಯಾಲಿಸಿಸ್. ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಬೇಕು. ಯಂತ್ರಕ್ಕೆ ದುಡ್ಡು ಕೊಡದಿದ್ದರೂ ಆ ದಿನದ ಕೂಲಿ ಹೋಯಿತು. ಬಸ್ ಚಾರ್ಜು ಹೋಯಿತು. ಜೊತೆಗೊಬ್ಬರು ಬೇಕು, ಅವರ ಕೂಲಿಯೂ ಹೋಯಿತು.

ಒಬ್ಬರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ಅದೇ ಬೀದಿಯ ಇನ್ನೊಬ್ಬರಿಗೆ ಬರುವುದಿಲ್ಲ. ಯಾಕೆ? ಇದನ್ನು ನಮ್ಮ ಹತ್ತಿರದ ಮೈಸೂರಿನಲ್ಲೇ ಹುಡುಕಿದರು. ಹರದನಹಳ್ಳಿಯಿಂದ ಚಾಮರಾಜನಗರಕ್ಕೆ ಹೋಗಿ ರೈಲು ಹತ್ತಿದರೆ ಮೈಸೂರು. ಅಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಇದೆ. ಜನ ಮಿಷನ್ ಆಸ್ಪತ್ರೆ ಅನ್ನುತ್ತಾರೆ. 1934ರಿಂದಲೇ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಬರೆದವರಿಗೆ ಅದು ದಿನದ ಕೆಲಸ ಅಷ್ಟೆ.

1990ರ ದಶಕದಲ್ಲಿ ಇಂಗ್ಲೆಂಡಿನ ಸಂಶೋಧಕಿ ಡಾಕ್ಟರ್ ಕ್ಯಾರೋಲಿನ್ ಫಾಲ್ ಮತ್ತು ಮೈಸೂರಿನವರು ಆ ಹಳೆಯ ಲೆಕ್ಕ ತೆರೆದರು. ಕೂಸುಗಳಾಗಿದ್ದವರು ಆಗ 40, 50 ವರ್ಷದವರು. ಮನೆ ಮನೆ ಹುಡುಕಿ 500ಕ್ಕೂ ಹೆಚ್ಚು ಜನರನ್ನು ಪರೀಕ್ಷೆ ಮಾಡಿದರು. ಹುಟ್ಟಿದಾಗ ಗಿಡ್ಡಗೆ, ಉದ್ದಕ್ಕೆ ಮೀರಿ ದಪ್ಪಗೆ ಇದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು. ಆ ಜನಕ್ಕೆ ಮುಪ್ಪು ಬಂದ ಮೇಲೂ ಬಿಡಲಿಲ್ಲ. ನೆನಪು ಹೇಗಿದೆ ಎಂದೂ ನೋಡಿದರು.

1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಬಸುರಿಯರ ರಕ್ತ ನೋಡಿದರು. 100ಕ್ಕೆ ಸುಮಾರು 6 ಜನಕ್ಕೆ ಬಸುರಿನಲ್ಲಿ ಸಕ್ಕರೆ ಕಾಯಿಲೆ ಇತ್ತು. ಅವರ ಮಕ್ಕಳ ಮೈಯಲ್ಲಿ ಮುಂದೆ ಕೊಬ್ಬು ಹೆಚ್ಚಾಯಿತು.

ಕಿಡ್ನಿಗೂ ಇದಕ್ಕೂ ನಂಟಿದೆ. ಕಡಿಮೆ ತೂಕದಲ್ಲಿ ಹುಟ್ಟಿದ ಕೂಸಿಗೆ ಜರಡಿಗಳೇ ಕಡಿಮೆ ಇರಬಹುದು ಎಂದು ಅಮೆರಿಕದ ಡಾಕ್ಟರ್ ಬ್ಯಾರಿ ಬ್ರೆನ್ನರ್ 1988ರಲ್ಲಿ ಹೇಳಿದರು. ಆಮೇಲೆ ಎಣಿಸಿ ನೋಡಿದವರಿಗೂ ಹಾಗೇ ಕಂಡಿತು. ಕಡಿಮೆ ಜರಡಿ ಇದ್ದವರಿಗೆ ಸಕ್ಕರೆ ಕಾಯಿಲೆಯೂ ಬಂದರೆ ಹೊರೆ ಎರಡು ಪಟ್ಟು. ಇದಕ್ಕೆ ತಾಯಿಯನ್ನು ದೂರಬೇಡಿ. ಬಸುರಿ ಹೆಂಗಸಿಗೆ ಗದ್ದೆ ಕೆಲಸ ಮೊದಲು, ಊಟ ಎಲ್ಲರದೂ ಆದ ಮೇಲೆ ಅನ್ನುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ?

ಕಿಡ್ನಿ ಕೆಡುವ ಗುರುತು ಮೊದಲು ಮೂತ್ರದಲ್ಲಿ ಸಿಗುತ್ತದೆ. ಜರಡಿ ಹರಿದರೆ ಆಲ್ಬುಮಿನ್ ಅನ್ನುವ ಸತ್ವ ಸೋರುತ್ತದೆ. ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ಕೇಳಿ: "ಮೂತ್ರದಲ್ಲಿ ಆಲ್ಬುಮಿನ್ ನೋಡಿ, ರಕ್ತದಲ್ಲಿ ಕ್ರಿಯಾಟಿನಿನ್ ನೋಡಿ ಡಾಕ್ಟ್ರೇ." ನಾಚಿಕೆ ಬೇಡ. ಬೇಗ ಗೊತ್ತಾದರೆ ಮಾತ್ರೆ ಇದೆ. ಬಿ.ಪಿ. ಮಾತ್ರೆಗಳಲ್ಲೇ ಕೆಲವು ಈ ಸೋರಿಕೆಯನ್ನು ತಗ್ಗಿಸುತ್ತವೆ. ಮಂಡಿ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ದಿನಾ ನುಂಗುವುದು ಮಾತ್ರ ಕಿಡ್ನಿಗೆ ಕೇಡು.

ಬಸುರಿಯಾದವರು ಸಕ್ಕರೆ ಪರೀಕ್ಷೆ ಮಾಡಿಸಿ. ತಾಯಿ ಕಾರ್ಡಿನಲ್ಲಿ ಕೂಸಿನ ತೂಕ ಬರೆದಿದ್ದಾರಾ ನೋಡಿ. ಈಗ ನಮಗೇ ಓದಲು ಬರುತ್ತದಲ್ಲ! ಪರೀಕ್ಷೆಯ ಚೀಟಿ ಕಳೆಯಬೇಡಿ. ಸಕ್ಕರೆ, ಬಿ.ಪಿ., ಆಲ್ಬುಮಿನ್, ಕ್ರಿಯಾಟಿನಿನ್ ಅಂಕಿಗಳನ್ನು ತಾರೀಖಿನ ಜೊತೆ ಒಂದು ಪುಸ್ತಕದಲ್ಲಿ ಬರೆಯಿರಿ. ಮುಂದಿನ ಸಲ ಹೋದಾಗ ಹಿಂದಿನ ಅಂಕಿಯನ್ನೂ ಡಾಕ್ಟರಿಗೆ ತೋರಿಸಿ.