ಸಭಾಹಿರಿಯರನ್ನು ಆರಿಸುವ ವಿಷಯ

ವರುಷಕ್ಕೊಮ್ಮೆಯಾಗಲಿ ಕೆಲವು ವರುಷಗಳಿಗೊಮ್ಮೆಯಾಗಲಿ ನಮ್ಮ ಸಭೆಗಳಲ್ಲಿ ಹಿರಿಯರನ್ನೂ ಕಮಿಟಿಯವರನ್ನೂ ಆರಿಸುವ ದಿನವು ಬರುವದು. ಆ ದಿನ ಕೆಲವರು ಮನೆಯಲ್ಲೇ ಉಳಿಯುವರು. ಕೆಲವರು ಅಯ್ಯನವರ ಮುಖವನ್ನು ನೋಡಿ ಕೈಯೆತ್ತುವರು. ಮತ್ತೆ ಕೆಲವರು ತಮ್ಮ ಮನೆತನದವನು ಗೆದ್ದರೆ ಸಾಕೆಂದು ಬರುವರು. ಈ ಕೆಲಸವು ಲೋಕದ ಕೆಲಸ, ಪ್ರಾರ್ಥನೆಯೂ ಪ್ರಸಂಗವೂ ಮಾತ್ರ ದೇವರ ಕೆಲಸ ಎಂಬ ತಪ್ಪಾದ ಭಾವನೆಯು ಅನೇಕರಲ್ಲಿ ಬೇರೂರಿದೆ. ಆದದರಿಂದ ಈ ತಿಂಗಳಿನ ಪಾಠದಲ್ಲಿ ಈ ವಿಷಯವನ್ನೇ ವಿಚಾರಿಸೋಣ. ಉದಾಹರಣೆಗಾಗಿ ಅಮೇರಿಕದ ಎಪಿಸ್ಕೋಪಲ್ ಸಭೆಯ ಕ್ರಮವನ್ನು ತೆಗೆದುಕೊಳ್ಳುವೆವು. ಯಾಕಂದರೆ ಆ ಸಭೆಯು ಸುಮಾರು ನಾಲ್ಕು ನೂರು ವರುಷಗಳಿಂದ ಈ ಕೆಲಸದಲ್ಲಿ ತಪ್ಪುತ್ತಲೂ ತಿದ್ದಿಕೊಳ್ಳುತ್ತಲೂ ಬಂದಿದೆ. ಅದರ ತಪ್ಪುಗಳಿಂದಲೂ ತಿದ್ದುಪಾಟಿನಿಂದಲೂ ನಾವು ಕಲಿಯತಕ್ಕದ್ದು ಬಹಳ ಉಂಟು.

1. ವೇದದಲ್ಲಿರುವ ಮಾದರಿ

ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಯೆರೂಸಲೇಮಿನ ಸಭೆಯಲ್ಲಿ ಒಂದು ಗುಣುಗುಟ್ಟುವಿಕೆ ಹುಟ್ಟಿತು. ದಿನದಿನದ ಉಪಚಾರದಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಾರೆಂಬದೇ ಆ ದೂರು. ಅಪೊಸ್ತಲರು ದೂರು ಹೇಳಿದವರನ್ನು ಗದರಿಸಲಿಲ್ಲ. ಊಟದ ಹಂಚಿಕೆಯನ್ನೂ ಲೆಕ್ಕವನ್ನೂ ತಾವೇ ಹಿಡಿದುಕೊಳ್ಳಲಿಲ್ಲ. ಒಳ್ಳೇ ಸಾಕ್ಷಿಯುಳ್ಳ ಏಳು ಮಂದಿಯನ್ನು ನೀವೇ ಆರಿಸಿರೆಂದು ಸಭೆಗೆ ಅಪ್ಪಣೆಕೊಟ್ಟರು. ಸಭೆಯು ಆರಿಸಿದವರ ಮೇಲೆ ಪ್ರಾರ್ಥನೆಮಾಡಿ ಕೈಯಿಟ್ಟರು. ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ ಎಂಬದನ್ನು ಗಮನಿಸಿರಿ. ಅಂದರೆ ಯಾರ ಪಾಲಿಗೆ ಅನ್ಯಾಯವಾಗಿತ್ತೋ ಅವರ ಕಡೆಯವರ ಕೈಗೇ ಹಂಚುವ ಅಧಿಕಾರವು ಬಂದಂತೆ ತೋರುತ್ತದೆ.

ಇದರಲ್ಲಿ ಮೂರು ಸಂಗತಿಗಳು ಸ್ಪಷ್ಟವಾಗಿವೆ. ಆರಿಸಿದವರು ಸಭೆಯವರೆಲ್ಲರು, ಆರಿಸಿದ್ದು ಗುಣವನ್ನು ನೋಡಿ, ಆರಿಸಿದ ಕಾರಣ ಬಡವರಿಗೆ ನ್ಯಾಯವಾಗಬೇಕೆಂಬದು. ಈ ಮೂರರಲ್ಲಿ ಒಂದು ಬಿಟ್ಟುಹೋದರೂ ಚುನಾವಣೆಯು ಬರೀ ಗದ್ದಲವಾಗುವದು.

2. ವೆಸ್ಟ್ರಿ ಎಂಬ ಆಲೋಚನಾಸಭೆ

ಎಪಿಸ್ಕೋಪಲ್ ಸಭೆಯು ಇಂಗ್ಲೆಂಡಿನ ಸಭೆಯಿಂದ ಹುಟ್ಟಿದ್ದು. ಅದರ ಒಂದೊಂದು ಪ್ಯಾರಿಷಿನಲ್ಲಿಯೂ ರೆಕ್ಟರ್ ಎಂಬ ಬೋಧಕರ ಸಂಗಡ ಸಭೆಯವರಿಂದ ಆರಿಸಲ್ಪಟ್ಟ ಒಂದು ಆಲೋಚನಾಸಭೆ ಇರುವದು. ಅದಕ್ಕೆ ವೆಸ್ಟ್ರಿ ಎಂದು ಹೆಸರು. ಬೋಧಕರ ನಿಲುವಂಗಿಗಳನ್ನು ಇಡುವ ಕೋಣೆಗೆ ವೆಸ್ಟ್ರಿ ಎನ್ನುವರು. ಪೂರ್ವಕಾಲದಲ್ಲಿ ಊರಿನವರು ಆ ಕೋಣೆಯಲ್ಲಿ ಕೂಡಿ ಸಭೆಯ ಕಾರ್ಯಗಳನ್ನು ತೀರಿಸುತ್ತಿದ್ದದರಿಂದ ಕೋಣೆಯ ಹೆಸರೇ ಕೂಟದ ಹೆಸರಾಯಿತು. ಆ ಕೂಟದಲ್ಲಿ ಮುಖ್ಯಸ್ಥರಾದ ಇಬ್ಬರಿಗೆ ವಾರ್ಡನರೆಂಬ ಹೆಸರುಂಟು.

3. ತಪ್ಪಿಹೋದ ದಾರಿ

ಇಂಗ್ಲಿಷರು 1607ರಲ್ಲಿ ವರ್ಜೀನಿಯ ಸೀಮೆಯಲ್ಲಿ ನೆಲಸಿದರು. ಅಲ್ಲಿ ಬಿಷಪರಿರಲಿಲ್ಲ, ಬೋಧಕರೂ ಕೊಂಚ. ಹೀಗಿರಲಾಗಿ ಸಭೆಯ ಭಾರವೆಲ್ಲಾ ವೆಸ್ಟ್ರಿಯ ಮೇಲೆ ಬಿತ್ತು. ದೇವಾಲಯವನ್ನು ಕಟ್ಟಿಸುವದು, ಬೋಧಕನನ್ನು ಗೊತ್ತುಮಾಡುವದು, ತೆರಿಗೆಯನ್ನು ಎತ್ತುವದು, ದಿಕ್ಕಿಲ್ಲದ ಮಕ್ಕಳನ್ನೂ ಬಡವರನ್ನೂ ನೋಡಿಕೊಳ್ಳುವದು, ಹೊಲಗಳ ಎಲ್ಲೆಗಳನ್ನು ಸುತ್ತಿ ನೋಡಿ ನಿಶ್ಚಯಿಸುವದು ಇವೆಲ್ಲಾ ಅದರ ಕೆಲಸವಾಗಿತ್ತು. ತೆರಿಗೆಯನ್ನು ಹೊಗೆಸೊಪ್ಪಿನಲ್ಲಿ ಸಲ್ಲಿಸುತ್ತಿದ್ದರು. 1696ರ ಕಾನೂನಿನಂತೆ ಬೋಧಕನ ವರುಷದ ಸಂಬಳ 16,000 ಪೌಂಡು ತೂಕದ ಹೊಗೆಸೊಪ್ಪು.

ಆರಂಭದಲ್ಲಿ ಜನರೇ ವೆಸ್ಟ್ರಿಯವರನ್ನು ಆರಿಸತಕ್ಕದ್ದೆಂಬ ಕ್ರಮವಿತ್ತು. ಆದರೆ 1662ರಲ್ಲಿ ಒಂದು ಕಾನೂನು ಹುಟ್ಟಿತು. ಅದರಂತೆ ವೆಸ್ಟ್ರಿಯವರು ಹನ್ನೆರಡು ಮಂದಿ. ಅವರಲ್ಲಿ ಒಬ್ಬನು ಸತ್ತರೆ ಇಲ್ಲವೆ ಊರುಬಿಟ್ಟರೆ ಉಳಿದವರೇ ಮತ್ತೊಬ್ಬನನ್ನು ಸೇರಿಸಿಕೊಳ್ಳಬಹುದು. ಇದರ ಫಲವನ್ನು ನೀವೇ ಊಹಿಸಿಕೊಳ್ಳಬಹುದು. ದೊಡ್ಡ ಜಮೀನುದಾರನು ತನ್ನ ಅಳಿಯನನ್ನೂ ನೆಂಟನನ್ನೂ ಸೇರಿಸಿದನು. ಸ್ಥಾನವು ಮನೆತನದ ಸೊತ್ತಿನಂತಾಯಿತು. ತೆರಿಗೆ ಕೊಡುವವರಿಗೆ ಮಾತಿಲ್ಲ. ಮಾತಿರುವವರಿಗೆ ಲೆಕ್ಕ ಒಪ್ಪಿಸುವ ಭಯವಿಲ್ಲ. ಅನೇಕ ವೆಸ್ಟ್ರಿಗಳು ಬೋಧಕನನ್ನು ಸ್ಥಿರವಾಗಿ ನೇಮಿಸದೆ ವರುಷ ವರುಷಕ್ಕೆ ಕೂಲಿಯಾಳಿನಂತೆ ಗೊತ್ತುಮಾಡಿಕೊಂಡವು. ಧಣಿಯ ಪಾಪವನ್ನು ಖಂಡಿಸಿದರೆ ಮುಂದಿನ ವರುಷದ ಅನ್ನ ಹೋಗುವದೆಂದು ತಿಳಿದ ಬೋಧಕನು ಹೇಗೆ ಧೈರ್ಯದಿಂದ ಬೋಧಿಸಿಯಾನು?

1676ರಲ್ಲಿ ಆ ಸೀಮೆಯಲ್ಲಿ ದಂಗೆಯೆದ್ದಾಗ ಕೂಡಿದ ಶಾಸನಸಭೆಯು ಮೂರು ವರುಷಕ್ಕೊಮ್ಮೆ ಜನರೇ ವೆಸ್ಟ್ರಿಯನ್ನು ಆರಿಸಲೆಂದು ನಿರ್ಣಯಿಸಿತು. ದಂಗೆ ಅಡಗಿದ ಮೇಲೆ ಆ ನಿರ್ಣಯವೂ ರದ್ದಾಯಿತು. ಆದರೂ ಆ ಕಾಲದ ವೆಸ್ಟ್ರಿಯವರೆಲ್ಲರೂ ಕೆಟ್ಟವರೆಂದು ಹೇಳಲಾಗದು. ಮುಂದೆ ಅಮೇರಿಕದ ಮೊದಲನೆಯ ಅಧ್ಯಕ್ಷನಾದ ಜಾರ್ಜ್ ವಾಷಿಂಗ್ಟನನು 1762ರಲ್ಲಿ ಟ್ರೂರೋ ಎಂಬ ಪ್ಯಾರಿಷಿನ ವೆಸ್ಟ್ರಿಗೆ ಸೇರಿ ವಾರ್ಡನನಾಗಿಯೂ ಕೆಲಸ ಮಾಡಿದನು. ಒಳ್ಳೆಯವರು ಇದ್ದರು, ಆದರೆ ಒಳ್ಳೆಯವರಿರುವದೊಂದೇ ಸಾಲದು, ಕ್ರಮವೂ ಒಳ್ಳೆಯದಾಗಿರಬೇಕು ಎಂಬದೇ ಇಲ್ಲಿಯ ಪಾಠ.

4. ತಿದ್ದಿಕೊಂಡ ದಾರಿ

1776ರಲ್ಲಿ ಸ್ವಾತಂತ್ರ್ಯವು ಪ್ರಕಟವಾದ ಮೇಲೆ ತೆರಿಗೆಯ ಆಧಾರವು ತಪ್ಪಿತು. ಸಭೆಯು ಸಭಿಕರ ಮನಃಪೂರ್ವಕವಾದ ಕಾಣಿಕೆಯಿಂದಲೇ ಬದುಕಬೇಕಾಯಿತು. 1789ರಲ್ಲಿ ಫಿಲಡೆಲ್ಫಿಯ ಪಟ್ಟಣದಲ್ಲಿ ಆ ಸಭೆಯ ಮೂಲನಿಬಂಧನೆಯು ಅಂಗೀಕಾರವಾಯಿತು. ಅದರಂತೆ ಬಿಷಪರೂ ಬೋಧಕರೂ ಮಾತ್ರವಲ್ಲದೆ ಸಾಮಾನ್ಯ ಸಭಿಕರ ಪ್ರತಿನಿಧಿಗಳೂ ಮಹಾಸಭೆಯಲ್ಲಿ ಕೂತು ಮತಕೊಡುವ ಹಕ್ಕನ್ನು ಪಡೆದರು.

ಆದರೂ ಎಲ್ಲಾ ಬಾಗಲುಗಳು ಒಂದೇ ಸಾರಿ ತೆರೆಯಲಿಲ್ಲ. ಅನೇಕ ಸಭೆಗಳಲ್ಲಿ ದೇವಾಲಯದ ಆಸನಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಬಾಡಿಗೆ ಕೊಡಲಾರದವನು ಹಿಂದೆ ಕೂತುಕೊಳ್ಳಬೇಕು, ಚುನಾವಣೆಯಲ್ಲಿ ಅವನಿಗೆ ಮತವೂ ಇರುತ್ತಿರಲಿಲ್ಲ. ಕಪ್ಪು ವರ್ಣದ ಕ್ರೈಸ್ತರು ಅಬ್ಸಲೋಮ್ ಜೋನ್ಸರ ನಾಯಕತ್ವದಲ್ಲಿ ಫಿಲಡೆಲ್ಫಿಯದಲ್ಲಿ ಸಂತ ತೋಮನ ಸಭೆಯನ್ನು ಕಟ್ಟಿದರು. 1794ರಲ್ಲಿ ಅದು ಎಪಿಸ್ಕೋಪಲ್ ಸಭೆಗೆ ಸೇರಿತು. ತಮ್ಮ ಒಳಗಿನ ಕಾರ್ಯಗಳನ್ನು ತಾವೇ ನಡಿಸುವೆವೆಂದು ಅವರು ಕೇಳಿದ್ದು ದೊರೆಯಿತು. ಆದರೆ ಆ ಪ್ರಾಂತದ ಸಮ್ಮೇಳನದಲ್ಲಿ ಅವರ ಪ್ರತಿನಿಧಿಗಳಿಗೆ ಅರವತ್ತಕ್ಕಿಂತ ಹೆಚ್ಚು ವರುಷ ಸ್ಥಳ ದೊರೆಯಲಿಲ್ಲ. ಸ್ತ್ರೀಯರ ಸಂಗತಿಯೂ ಹಾಗೆಯೇ. 1946ರಲ್ಲಿ ಒಬ್ಬ ಸ್ತ್ರೀಯು ಮಹಾಸಭೆಯಲ್ಲಿ ಪ್ರತಿನಿಧಿಯಾಗಿ ಕೂತಳು. 1949ರಲ್ಲಿ ಆರಿಸಲ್ಪಟ್ಟು ಬಂದ ಸ್ತ್ರೀಯರಿಗೆ ಸ್ಥಳವನ್ನು ಕೊಡಲಿಲ್ಲ. 1970ರಲ್ಲಿಯೇ ಆ ಹಕ್ಕು ಸ್ಥಿರವಾಯಿತು. ದೇವಾಲಯವನ್ನು ಗುಡಿಸಿ, ಮಕ್ಕಳಿಗೆ ಪಾಠ ಹೇಳಿ, ರೋಗಿಗಳನ್ನು ಸಂಧಿಸುವವರು ಸ್ತ್ರೀಯರು. ಆಲೋಚನೆಗೆ ಮಾತ್ರ ಗಂಡಸರು ಎಂಬ ಪದ್ಧತಿಯು ನಮ್ಮಲ್ಲಿಯೂ ಎಷ್ಟು ಕಾಲ ನಡೆಯಿತೆಂದು ನಾವೇ ಕೇಳಿಕೊಳ್ಳತಕ್ಕದ್ದು.

5. ಈಗಿನ ಕ್ರಮ

ಆ ಸಭೆಯಲ್ಲಿ ಈಗ ವರುಷಕ್ಕೊಮ್ಮೆ ಸಭೆಯವರೆಲ್ಲರೂ ಕೂಡಿ ಬರುವ ಕೂಟದಲ್ಲಿ ಚುನಾವಣೆ ನಡೆಯುವದು. ವೆಸ್ಟ್ರಿಯವರ ಸಂಖ್ಯೆಯೂ ಅವಧಿಯೂ ಆಯಾ ಸಂಸ್ಥಾನದ ಕಾನೂನಿನಂತೆ ಇಲ್ಲವೆ ಬಿಷಪರ ಪ್ರಾಂತದ ನಿಯಮದಂತೆ ಗೊತ್ತಾಗುವದು. ಅನೇಕ ಸಭೆಗಳಲ್ಲಿ ಅವಧಿಯು ಮೂರು ವರುಷ. ಪ್ರತಿವರುಷ ಮೂರರಲ್ಲಿ ಒಂದು ಪಾಲು ಇಳಿದು ಹೊಸಬರು ಬರುವರು. ಹೀಗೆ ಹಳಬರ ಅನುಭವವೂ ಉಳಿಯುವದು, ಸ್ಥಾನವು ಯಾರ ಮನೆಯ ಸೊತ್ತೂ ಆಗದು. 16 ವರುಷ ತುಂಬಿದವರನ್ನು ಪ್ರಾಯಸ್ಥ ಸಭಿಕರೆಂದು ಆ ಸಭೆಯ ಕಾನೂನು ಎಣಿಸುವದು. ಆರಾಧನೆಗೆ ತಪ್ಪದೆ ಬರುವದು, ಕೆಲಸಮಾಡುವದು, ಪ್ರಾರ್ಥಿಸುವದು, ಕೊಡುವದು ಇವುಗಳಿಂದಲೇ ಒಬ್ಬನು ಒಳ್ಳೇ ಸ್ಥಿತಿಯಲ್ಲಿರುವ ಸಭಿಕನೆಂದು ತಿಳಿಯುವರು; ಎಷ್ಟು ಕೊಟ್ಟನೆಂಬ ಅಳತೆಯನ್ನು ಆ ಕಾನೂನು ಇಡಲಿಲ್ಲ.

ಅಧಿಕಾರದ ಪಾಲನ್ನೂ ನೋಡಿರಿ. ಆರಾಧನೆ, ಉಪದೇಶ, ಆತ್ಮಗಳ ಪರಾಮರಿಕೆ ಇವು ರೆಕ್ಟರನ ಕೈಯಲ್ಲಿವೆ. ವೆಸ್ಟ್ರಿಯು ಇವುಗಳಲ್ಲಿ ಅವನ ಮೇಲೆ ಧಣಿಯಾಗಲಾರದು. ಕಟ್ಟಡ, ಸ್ಥಿತಿ, ಹಣ ಇವುಗಳಲ್ಲಿ ವೆಸ್ಟ್ರಿಯವರೇ ಸಭೆಯ ನ್ಯಾಯವಾದ ಪ್ರತಿನಿಧಿಗಳು. ರೆಕ್ಟರನ ಸ್ಥಾನವು ಬರಿದಾದರೆ ಬಿಷಪರಿಗೆ ತಿಳಿಸಿ ಹೊಸ ರೆಕ್ಟರನನ್ನು ಆರಿಸುವವರೂ ಅವರೇ. ಕೂಟದಲ್ಲಿ ಸಾಮಾನ್ಯವಾಗಿ ರೆಕ್ಟರನು ಅಗ್ರಾಸನದಲ್ಲಿ ಕೂತುಕೊಳ್ಳುವನು. ವರುಷಕ್ಕೊಮ್ಮೆ ಲೆಕ್ಕದ ತನಿಖೆಯೂ ಆಗಲೇಬೇಕು. ಹೀಗೆ ಯಾರೊಬ್ಬನ ಕೈಯಲ್ಲಿಯೂ ಎಲ್ಲವೂ ಇರುವದಿಲ್ಲ.

ನಮ್ಮ ನಾಡಿಗೂ ಇದಕ್ಕೂ ಸಂಬಂಧವಿಲ್ಲವೆಂದು ಎಣಿಸಬೇಡಿರಿ. 1947ನೇ ಸಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಹುಟ್ಟಿದಾಗ ಆಂಗ್ಲಿಕನರ ಬಿಷಪರ ಕ್ರಮವೂ, ಮೆಥೊಡಿಸ್ಟರ ಮತ್ತು ದಕ್ಷಿಣ ಇಂಡಿಯದ ಐಕ್ಯಸಭೆಯವರ ಹಿರಿಯರ ಮತ್ತು ಸಭಿಕರ ಕ್ರಮವೂ ಒಂದಾದವು. ಆಲೋಚನೆಯಲ್ಲಿ ಸಾಮಾನ್ಯ ಸಭಿಕರಿಗೂ ಪಾಲಿರಬೇಕೆಂಬ ನಿಶ್ಚಯವು ನಮ್ಮ ಕನ್ನಡ ಸಭೆಗಳಿಗೂ ಬಂದಿರುವ ಸ್ವಾಸ್ತ್ಯವೇ.

6. ನಾವು ಕಂಡ ಒಂದು ಸಂಗತಿ

ಒಂದು ಚಿಕ್ಕ ಗ್ರಾಮಸಭೆಯಲ್ಲಿ ಸ್ಥಿತಿವಂತನಾದ ಒಬ್ಬನೇ ಬಹು ವರುಷ ಹಿರಿಯನಾಗಿದ್ದನು. ಸಭೆಯಲ್ಲಿ ಅರ್ಧ ಮಂದಿ ಅವನಿಗೆ ಸಾಲಗಾರರು. ಸುಗ್ಗಿಯ ಸ್ತೋತ್ರಕಾಣಿಕೆಯು ಅವನ ಮನೆಯ ಪೆಟ್ಟಿಗೆಗೇ ಹೋಗುತ್ತಿತ್ತು. ಒಂದು ಮಳೆಗಾಲದಲ್ಲಿ ದೇವಾಲಯದ ಮಾಡು ಸೋರುತ್ತಿರಲು ಒಬ್ಬ ವಿಧವೆಯು ಎದ್ದು, "ಅಯ್ಯನವರೇ, ಹಂಚಿಗೆಂದು ಎರಡು ಸುಗ್ಗಿಯಲ್ಲಿ ಕೊಟ್ಟೆವಲ್ಲಾ, ಆ ಹಣ ಎಲ್ಲಿದೆ?" ಎಂದು ಕೇಳಿದಳು. ಯಾರೂ ಮಾತಾಡಲಿಲ್ಲ. ಹಿರಿಯನು ಕೋಪಿಸಿಕೊಂಡನು. ಅವನು ಕಳ್ಳನೆಂದು ನಾವು ಹೇಳುವದಿಲ್ಲ. ಆದರೆ ತನ್ನ ಹಣವನ್ನೂ ದೇವರ ಹಣವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟದ್ದರಿಂದ ಯಾವದು ಯಾರದೆಂದು ಅವನಿಗೇ ತಿಳಿಯದೆ ಹೋಯಿತು. ಆ ಲೆಕ್ಕವು ಕಡೆಗೂ ಸಿಕ್ಕಲಿಲ್ಲ. ಎರಡು ಮನೆಯವರು ಆರಾಧನೆಗೆ ಬರುವದನ್ನು ಬಿಟ್ಟರು.

ಮರುವರುಷ ಸಭೆಯವರು ಕೈಯೆತ್ತದೆ ಗುಟ್ಟಾಗಿ ಚೀಟಿ ಹಾಕಿ ಐದು ಮಂದಿಯನ್ನು ಆರಿಸಿದರು. ಪೆಟ್ಟಿಗೆಗೆ ಎರಡು ಬೀಗ ಹಾಕಿ ಬೀಗದ ಕೈಗಳನ್ನು ಇಬ್ಬರ ವಶಕ್ಕೆ ಕೊಟ್ಟರು. ತಿಂಗಳಿನ ಲೆಕ್ಕವನ್ನು ಆರಾಧನೆಯ ತರುವಾಯ ಓದಿದರು. ಬಿಟ್ಟುಹೋದ ಎರಡು ಮನೆಗಳಲ್ಲಿ ಒಂದು ಮಾತ್ರ ತಿರಿಗಿ ಬಂತು. ಸಹೋದರರೇ, ಸಹೋದರಿಯರೇ, ಹಂಚನ್ನು ತಿರಿಗಿ ಹೊದಿಸಬಹುದು; ಆದರೆ ಮುರಿದ ನಂಬಿಕೆಯನ್ನು ತಿರಿಗಿ ಕಟ್ಟುವದು ಎಷ್ಟು ಕಷ್ಟ!

7. ಯಾರನ್ನು ಆರಿಸತಕ್ಕದ್ದು?

ಮೊದಲು ಚಿಕ್ಕ ಕೆಲಸದಲ್ಲಿ ಪರೀಕ್ಷಿಸಲ್ಪಟ್ಟವನನ್ನು ಆರಿಸಿರಿ; ಸೇವಕರು ಮೊದಲು ಪರೀಕ್ಷಿಸಲ್ಪಡಬೇಕೆಂಬದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯದ ಉಪದೇಶ. ಲೆಕ್ಕ ಕೇಳಿದರೆ ಕೋಪಿಸದವನನ್ನು ಆರಿಸಿರಿ. ಬಡವನ ಮನೆಯ ಬಾಗಲನ್ನು ತಿಳಿದವನನ್ನು ಆರಿಸಿರಿ. ನಮ್ಮ ಮನೆತನದವನೆಂದಾಗಲಿ, ಸಾಲ ಕೊಟ್ಟವನೆಂದಾಗಲಿ, ಊಟ ಹಾಕಿಸಿದವನೆಂದಾಗಲಿ ಆರಿಸಬೇಡಿರಿ. ಐಶ್ವರ್ಯವಂತನೆಂಬದಕ್ಕಾಗಿ ಒಬ್ಬನನ್ನು ತಳ್ಳುವದೂ ನ್ಯಾಯವಲ್ಲ. ಅದಕ್ಕಾಗಿಯೇ ಆರಿಸುವದೂ ನ್ಯಾಯವಲ್ಲ.

ಚುನಾವಣೆಯಲ್ಲಿ ಸೋತವರಿಗೆ ಒಂದು ಮಾತು: ಸೋಲನ್ನು ಅವಮಾನವೆಂದೆಣಿಸಿ ಪಂಗಡ ಕಟ್ಟಬೇಡಿರಿ, ಸಭೆಯ ಜಗಳವನ್ನು ನ್ಯಾಯಸ್ಥಾನಕ್ಕೆ ಒಯ್ಯಲು ಅವಸರಪಡಬೇಡಿರಿ. ನಮ್ಮ ದೇಶದಲ್ಲಿ ಕೆಲವು ಸಭೆಗಳ ಕಾಣಿಕೆಯು ವಕೀಲರ ಪಾಲಾದದ್ದನ್ನು ನಾವು ಬಲ್ಲೆವು. ಗೆದ್ದವರಿಗೆ ಒಂದು ಮಾತು: ನಿಮಗೆ ದೊರೆತದ್ದು ಕುರ್ಚಿಯಲ್ಲ, ಕೆಲಸ. ಉಳಿದ ನಮಗೆಲ್ಲರಿಗೆ ಒಂದು ಮಾತು: ಚೀಟಿ ಹಾಕಿದ ಕೂಡಲೆ ನಮ್ಮ ಕರ್ತವ್ಯವು ತೀರಲಿಲ್ಲ. ಆರಿಸಿದವರಿಗಾಗಿ ಪ್ರಾರ್ಥಿಸಬೇಕು, ಅವರ ಸಂಗಡ ದುಡಿಯಬೇಕು, ಪ್ರೀತಿಯಿಂದ ಲೆಕ್ಕವನ್ನೂ ಕೇಳಬೇಕು.

ಕೂಡಿ ಬಂದಾಗ ಆಲೋಚಿಸತಕ್ಕ ಪ್ರಶ್ನೆಗಳು

1) ಯೆರೂಸಲೇಮಿನ ಸಭೆಯು ಏಳು ಮಂದಿಯನ್ನು ಯಾವ ಕಾರಣಕ್ಕಾಗಿ ಆರಿಸಿತು? ನಮ್ಮ ಸಭೆಯಲ್ಲಿ ಕಡೆಗಣಿಸಲ್ಪಟ್ಟವರು ಯಾರು?
2) 1662ರ ವರ್ಜೀನಿಯದ ಕಾನೂನಿನಿಂದ ಬೋಧಕರಿಗೂ ಜನರಿಗೂ ಆದ ಕೇಡೇನು?
3) ನಮ್ಮ ಸಭೆಯ ಪೆಟ್ಟಿಗೆಯ ಬೀಗದ ಕೈ ಯಾರಲ್ಲಿದೆ? ಲೆಕ್ಕವನ್ನು ಕಡೆಯ ಸಾರಿ ಓದಿದ್ದು ಯಾವಾಗ?
4) ನಮ್ಮ ಹಿರಿಯರಲ್ಲಿ ಸ್ತ್ರೀಯರೂ ಯೌವನಸ್ಥರೂ ಕೂಲಿಮಾಡುವವರೂ ಎಷ್ಟು ಮಂದಿ?